ಎಡಮೈ, ಬಲಮೈ

ಬಾಗಿಲು ದಡಾರನೆ ತೆರೆದುಕೊಂಡಿತು. ಅವಳು ಎರಡನೇ ಮಹಡಿಯ ಆ ಕೋಣೆಗೆ ನುಗ್ಗಿದ ರಭಸಕ್ಕೆ, ಲೆನ್ಸ್ ಒರೆಸುತ್ತಾ ಕೂತಿದ್ದವನು ನೆಟ್ಟಗೆ ಎದ್ದು ನಿಂತ.

“ನಿನಗೆ ಬುದ್ಧಿ ಇದೆಯಾ?”

ಎರಡು ವರ್ಷದಿಂದ ಇಬ್ಬರ ನಡುವೆ ನಡೆದುಕೊಂಡು ಬಂದಿದ್ದು ಬರೀ ಬಹುವಚನ. ಆಫೀಸಿಗೆಲ್ಲ ಅವಳು ‘ಲೆಕ್ಕದ ಮೇಡಂ’. ಕಾಡಿನಲ್ಲಿ ಚಿರತೆಗಳು ಎಷ್ಟಿವೆ, ಎಲ್ಲೆಲ್ಲಿ ಓಡಾಡುತ್ತವೆ ಎಂದು ಫೋಟೋಗಳಿಂದ ಅಂದಾಜು ಕಟ್ಟುವುದು ಅವಳ ಕೆಲಸ. ಆ ಫೋಟೋ ತೆಗೆಯುವ ಕ್ಯಾಮೆರಾಗಳನ್ನು ಕಾಡುದಾರಿಗಳಲ್ಲಿ ಕಟ್ಟಿ ಬರುವುದು ಅವನ ಕೆಲಸ. ಹೆಸರು ಮರೆತೇಹೋದಂತೆ ಎಲ್ಲರೂ ಅವನನ್ನು ‘ಕ್ಯಾಮೆರಾ’ ಎಂದೇ ಕರೆಯುತ್ತಿದ್ದರು.

“ಈಗ ‘ನಿನಗೆ’ ಅಂದ್ರಿ,” ಎಂದ, ಮೆಲ್ಲಗೆ. ಕಣ್ಣಂಚಿನಲ್ಲಿ ನಗು ಇಣುಕುತ್ತಿತ್ತು. ಆ ನಗುವೇ ಅವಳ ಮೈ ಉರಿಸಿತು.

“ಇನ್ನೂ ಏನೇನೋ ಅನ್ನೋದಿದೆ, ಕೇಳಿಸ್ಕೊ!” ಎರಡು ಫೋಟೋಗಳನ್ನು ಮೇಜಿಗೆ ಬಡಿದಳು. “ಬೆಟ್ಟದ ಬುಡದಲ್ಲಿ ಸಿಕ್ಕಿರೋದು ಬರೀ ಎಡಮೈ. ಇಳಿಜಾರಲ್ಲಿ ಸಿಕ್ಕಿರೋದು ಬರೀ ಬಲಮೈ. ಒಂದೇ ಚಿರತೆನಾ, ಎರಡಾ? ಹೇಳು ನೋಡೋಣ!”

ಹೇಳಲು ಬರುವಂತಿರಲಿಲ್ಲ. ಚಿರತೆಯ ಎಡಮೈಯ ಚುಕ್ಕೆಗಳೇ ಬೇರೆ, ಬಲಮೈಯ ಚುಕ್ಕೆಗಳೇ ಬೇರೆ. ಅದಕ್ಕೇ ದಾರಿಯ ಎರಡೂ ಬದಿಗೆ ಎದುರುಬದುರಾಗಿ ಜೋಡಿ ಕ್ಯಾಮೆರಾ ಕಟ್ಟಬೇಕು. ಈ ಪುಣ್ಯಾತ್ಮ ಬೆಟ್ಟದ ಬುಡದ ಜೋಡಿಗಳನ್ನೆಲ್ಲ ಒಡೆದು ಒಂಟಿ ಮಾಡಿ ಬಂದಿದ್ದ.

“ಜೋಡಿ ಯಾಕೆ ಬಿಡಿಸಿದೆ?”

“ಇಳಿಜಾರಿಗೆ ಕ್ಯಾಮೆರಾ ಸಾಲ್ತಿರಲಿಲ್ಲ. ‘ಅಲ್ಲೂ ಚಿರತೆ ಇದ್ದೇ ಇರುತ್ತೆ, ನನ್ನ ನಕ್ಷೆಗೆ ಬೀಳ್ತಿಲ್ಲ ಅಷ್ಟೆ’ ಅಂತ ನೀವೇ ಅವತ್ತು ಜೀಪಲ್ಲಿ ಅಂದ್ರಲ್ಲ. ಬೀಳಿಸೋಣ ಅಂತ...”

“ನನ್ನ ಖುಷಿಗೆ ಚಿರತೆ ಹುಡುಕೋಕೆ ಹೋದ್ಯಾ? ನಾಡಿದ್ದು ಸಭೆ ಇದೆ. ಆ ಬೆಟ್ಟ ಚಿರತೆಯ ಓಡಾಟದ ಜಾಗ ಅಂತ ನಾನು ಎದೆ ತಟ್ಟಿ ಹೇಳ್ಬೇಕು. ಇಲ್ದಿದ್ರೆ ಕಲ್ಲಿನ ಕ್ವಾರಿಗೆ ಕೊಟ್ಬಿಡ್ತಾರೆ. ‘ದಾರಿತಪ್ಪಿ ಯಾವುದೋ ಒಂದು ಹತ್ತಿರಬಹುದು ಬಿಡಿ’ ಅಂತ ಅವರು ನಕ್ರೆ ನಾನೇನ್ ಹೇಳ್ಲಿ?”

ಅವನ ಮುಖದ ನಗು ಆರಿತು. ಅವಳು ಬಾಗಿಲನ್ನು ಬಂದ ಹಾಗೇ ದಡಾರನೆ ಎಳೆದುಕೊಂಡು ಹೋದಳು.

ಸಂಜೆ ಮನೆಯಲ್ಲಿ ಪಾತ್ರೆಗಳಿಗೆ ಗ್ರಹಚಾರ. ಒಂದೊಂದನ್ನೂ ಕುಕ್ಕಿ ಕುಕ್ಕಿ ಇಡುತ್ತಾ ‘ಕ್ಯಾಮೆರಾ’ನನ್ನು ಬೈಯುತ್ತಿದ್ದಳು. ಬಟ್ಟೆ ಮಡಿಸುತ್ತಿದ್ದ ಅಕ್ಕ ಕೇಳುವಷ್ಟು ಕೇಳಿದಳು.

“ಮೊನ್ನೆ ಪ್ರಿಂಟರ್ ಕೆಟ್ಟಾಗ್ಲೂ ಅವನಿಗೇ ಬೈದೆ. ಬಸ್ ತಪ್ಪಿದಾಗ್ಲೂ ಅವನಿಗೇ. ನಿನ್ನ ಕೋಪಕ್ಕೆ ಬೇರೆ ಗಂಡಸೇ ಸಿಗಲ್ವೇನೇ? ಎಲ್ಲಿಂದ ಹೊರಟ್ರೂ ಅಲ್ಲಿಗೇ ಹೋಗಿ ನಿಲ್ಲುತ್ತಲ್ಲ!”

“ಸುಮ್ನಿರೇ ಅಕ್ಕ!” ಎಂದವಳ ಕೈಯಲ್ಲಿ ಲೋಟ ಹಾಗೇ ನಿಂತಿತು. ಎಲ್ಲಿಂದ ಹೊರಟರೂ ಅಲ್ಲಿಗೇ. ಪ್ರತಿ ಚಿರತೆಗೂ ಒಂದು ನೆಲೆ ಇರುತ್ತದೆ, ಅದರ ಸುತ್ತಲೇ ಓಡಾಟ. ಮೈ ಹೊಂದದಿದ್ದರೇನು, ಜಾಗ ಹೊಂದುತ್ತದಲ್ಲ! ಯಾವ ಕ್ಯಾಮೆರಾಕ್ಕೆ ಎಷ್ಟು ಸಲ ಬಿದ್ದಿದೆ ಎಂಬ ಲೆಕ್ಕದಿಂದ ನೆಲೆಯ ನಡುವನ್ನು ಅಂದಾಜು ಕಟ್ಟಬಹುದು. ಎಡಮೈಯ ನೆಲೆಯೂ ಬಲಮೈಯ ನೆಲೆಯೂ ನಕ್ಷೆಯಲ್ಲಿ ಒಂದೇ ಕಡೆ ಬಿದ್ದರೆ? ಎರಡೂ ಫೋಟೋದಲ್ಲಿರುವುದು ದೊಡ್ಡ ಗಂಡು. ಎರಡು ಗಂಡು ಒಂದೇ ನೆಲೆಯಲ್ಲಿ ಬಾಳುವುದು ತೀರಾ ಅಪರೂಪ; ಹಾಗೆ ಬಿದ್ದರೆ ಅದು ಒಂದೇ ಚಿರತೆ. ಗೊತ್ತಿದ್ದ ವಿದ್ಯೆಯೇ. ಸಿಟ್ಟಿನಲ್ಲಿ ತಲೆ ಓಡಿರಲಿಲ್ಲ ಅಷ್ಟೆ.

ಮರುದಿನವೆಲ್ಲ ಕಂಪ್ಯೂಟರ್ ಬಿಟ್ಟು ಏಳಲಿಲ್ಲ. ನೆಲೆಗಳು ಒಂದರ ಮೇಲೊಂದು ಬಂದು ಕೂತವು. ಸಭೆಯಲ್ಲಿ ಅವಳು ಎದೆ ತಟ್ಟಿಯೇ ಹೇಳಿದಳು: ದಾರಿತಪ್ಪಿ ಬಂದದ್ದಲ್ಲ, ಬುಡದಲ್ಲಿ ಬಾಳುವ ಚಿರತೆಯೇ ಬೆಟ್ಟವನ್ನೂ ಆಳುತ್ತಿದೆ. ಯಾರೂ ನಗಲಿಲ್ಲ. ಕ್ವಾರಿಗೆ ತಡೆ ಬಿತ್ತು.

ವಾಪಸ್ ಆಫೀಸಿಗೆ ಬಂದರೆ ಕೆಳಮಹಡಿಯ ಅವಳ ಕೋಣೆಯಲ್ಲಿ, ನೀರಿನ ಫಿಲ್ಟರ್ ಮುಂದೆ ಅವನು ಬಾಟಲಿ ಹಿಡಿದು ನಿಂತಿದ್ದ.

“ಬೆಟ್ಟ?”

“ಉಳೀತು. ಹಲ್ಲು ಬಿಡಬೇಡ, ನನ್ನ ಸಿಟ್ಟೂ ಉಳಿದಿದೆ. ನಿಮ್ಮ ಮಹಡೀಲಿ ನೀರು ಬರಲ್ವಾ?”

“ಬರುತ್ತೆ.”

“ಮತ್ತೆ?”

“ಬೆಳಿಗ್ಗೆ ನೀರಿಗೆ ಇಲ್ಲಿ, ಮಧ್ಯಾಹ್ನ ಪ್ರಿಂಟರಿಗೆ ಇಲ್ಲಿ, ಸಂಜೆ ಸ್ಟೇಪ್ಲರಿಗೆ ಇಲ್ಲಿ. ಊರ ಚಿರತೆಗಳ ನೆಲೆಯೆಲ್ಲ ಹಿಡೀತೀರಿ ಮೇಡಂ. ನನ್ನ ನೆಲೆ ಎಲ್ಲಿದೆ ಅಂತ ಇನ್ನೂ ಗೊತ್ತಾಗ್ಲಿಲ್ವಾ?”

ಅವಳ ಕೆನ್ನೆ ಬಿಸಿಯಾಯಿತು. ಮರುಗಳಿಗೆಯೇ ಸಿಟ್ಟು ಉಕ್ಕಿತು.

“ಎರಡು ವರ್ಷ ಬಾಯಿಗೆ ಬೀಗ ಹಾಕ್ಕೊಂಡಿದ್ಯಾ? ಪ್ರತಿ ಸಲ ನೀನು ಬಂದಾಗ ಇವತ್ತಾದ್ರೂ ಹೇಳ್ತಾನೇನೋ ಅಂತ ನಾನು... ಸ್ಟೇಪ್ಲರ್ ಅಂತೆ ಸ್ಟೇಪ್ಲರ್!” ಕಣ್ಣು ತುಂಬಿತು, ಅದಕ್ಕೂ ಅವನ ಮೇಲೇ ಕೋಪ ಬಂತು.

“ಇಲ್ಲ ಅಂದ್ಬಿಟ್ರೆ ಅಂತ ಭಯ ಆಯ್ತು. ಅದಕ್ಕೇ ಮೊದಲು ಚಿರತೆ ಕೊಡೋಣ ಅಂತ.”

ಬೈಯಲು ಬಾಯಿ ತೆರೆದವಳಿಗೆ ನಗು ಬಂದುಬಿಟ್ಟಿತು. ಪಕ್ಕದ ಕುರ್ಚಿಯ ಮೇಲಿದ್ದ ಫೈಲುಗಳನ್ನೆತ್ತಿ ನೆಲಕ್ಕೆ ಹಾಕಿದಳು.

“ಕೂತ್ಕೊ. ನಾಳೆ ಬೆಟ್ಟಕ್ಕೆ ನಾನೂ ಬರ್ತೀನಿ. ನಿನ್ನೊಬ್ಬನ್ನೇ ಬಿಟ್ರೆ ಮತ್ತೆ ಜೋಡಿ ಬಿಡಿಸ್ತೀಯ.”

“ಇನ್ನೂ ಏಕವಚನ. ಸಿಟ್ಟು ಇಳಿದಿಲ್ವಾ?”

“ಇಳಿದಿಲ್ಲ. ಇಳಿದ್ರೂ ಇನ್ಮೇಲೆ ಅದೇ. ನೀನೂ ಆ ‘ಮೇಡಂ’ ಬಿಡು.”

ಅವನು ಕೂತ. ಅಭ್ಯಾಸವಿಲ್ಲದ ಏಕವಚನ ಒಮ್ಮೆ ಕೆಮ್ಮಿದ ಮೇಲೆ ಹೊರಗೆ ಬಂತು.

“ನೀನು ಹೇಳಿದ ಹಾಗೆ.”