ಮಖಮಲ್ಲಿನ ನವಿರು

ಅಳತೆ ಕೋಲು ಮಗುವಿನ ಬೆನ್ನಿನ ಮೇಲೆ ಮೂರನೇ ಸಲ ಬಿದ್ದು ಎರಡಾಗಿ ಮುರಿಯಿತು. ಆದರೂ ತಾಯಿಯ ಕೈ ನಿಲ್ಲಲಿಲ್ಲ! ಮುರಿದ ತುಂಡನ್ನು ಎಸೆದು, ಒಂಬತ್ತು ವರ್ಷದ ಮಗಳ ಕೆನ್ನೆಗೆ ಬಾರಿಸಿದಳು. ಪುಟ್ಟಿ ಹೊಲಿಗೆ ಯಂತ್ರದ ಅಂಚಿಗೆ ಬಡಿದು ಬಿದ್ದಳು. ತುಟಿ ಒಡೆದು ರಕ್ತ ಗಲ್ಲಕ್ಕಿಳಿಯಿತು.

"ಮಖಮಲ್ಲಿನ ನವಿರು ಯಾವ ಕಡೆ ಮಲಗುತ್ತೆ ಅಂತ ನೋಡಿ ಕತ್ತರಿಸ್ಬೇಕು ಅಂತ ಎಷ್ಟು ಸಲ ಬಡ್ಕೊಂಡೆ! ಕಣ್ಣು ಎಲ್ಲಿಟ್ಟಿದ್ದೆ?"

"ನಿಂಗೆ ಸಹಾಯ ಆಗ್ಲಿ ಅಂತ... ಅಮ್ಮಾ..."

ಮರುದಿನದ ಆರಾಧನೆಗೆ ಚರ್ಚಿನ ಪ್ರಸಂಗಪೀಠದ ಮೇಲೆ ಹೊದಿಸಬೇಕಿದ್ದ ಕೆಂಪು ಮಖಮಲ್ಲು ಮೇಜಿನ ಮೇಲಿತ್ತು. ಒಂದೇ ಬಟ್ಟೆ, ಆದರೆ ಪುಟ್ಟಿ ಒಂದು ತುಂಡನ್ನು ತಲೆಕೆಳಗಾಗಿ ಕತ್ತರಿಸಿದ್ದರಿಂದ ಅದು ಕಡುಗೆಂಪಾಗಿಯೂ, ಇನ್ನೊಂದು ಮಾಸಿದಂತೆಯೂ ಕಾಣುತ್ತಿತ್ತು.

ಪಾರ್ಶ್ವವಾಯು ಹೊಡೆದು ಮೂಲೆಯ ಮಂಚ ಹಿಡಿದಿದ್ದ ಅಜ್ಜ ಗಹಗಹಿಸಿ ನಕ್ಕ. ಆ ಅಂಗಡಿಯ ಹಳೆಯ ದರ್ಜಿ ಅವನೇ.

"ಶಹಬ್ಬಾಸ್! ಇವತ್ತು ನೋಡು, ನನ್ನ ಮಗಳು ಅನ್ನಿಸ್ಕೊಂಡೆ!"

ಮತ್ತೆ ಎತ್ತಿದ್ದ ತಾಯಿಯ ಕೈ ಗಾಳಿಯಲ್ಲೇ ನಿಂತಿತು. ಈ ಒಂದು ಮಾತಿಗಾಗಿ ಅವಳು ಮೂವತ್ತು ವರ್ಷ ಕಾದಿದ್ದಳು! ಗುಂಡಿಯೊಂದು ಓರೆಯಾಯಿತೆಂದು ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಅವಳ ಅಂಗೈಗೆ ಒತ್ತಿದ್ದ ಅಪ್ಪ... ಹೆಸರು ಹಿಡಿದು ಕರೆಯದೆ 'ದಂಡಪಿಂಡ' ಎಂದೇ ಕೂಗುತ್ತಿದ್ದ ಅಪ್ಪ... ಸಭೆಯಲ್ಲಿ ಮೊಣಕಾಲೂರಿದಾಗಲೆಲ್ಲ 'ಕರ್ತನೇ, ಅಪ್ಪನ ಮನಸ್ಸು ಬದಲಿಸು' ಎಂದು ಬೇಡಿದ್ದಳೇ ಹೊರತು, ತನ್ನೊಳಗೆ ಕೀವುಗಟ್ಟಿದ್ದ ಗಾಯವನ್ನು ಯೇಸುವಿಗೂ ತೋರಿಸಿರಲಿಲ್ಲ.

"ಅಪ್ಪಾ, ನೀವು ನಂಗೆ ಮಾಡಿದ್ದು ತಪ್ಪು." ಅವಳು ಮಂಚದತ್ತ ತಿರುಗಿದಳು. "ಕ್ಷಮಿಸ್ತೀನಿ. ನಾಳೆ ಎದ್ದು ಮತ್ತೆ ಕ್ಷಮಿಸ್ಬೇಕಾಗುತ್ತೋ ಏನೋ... ಆದ್ರೆ ಈ ಹೊಗಳಿಕೆ ನಂಗೆ ಬೇಡ."

"ಬೈಬಲ್ ಓದಿ ಬಾಯಿ ಬೆಳೀತು!" ಎಂದು ಮುದುಕ ಗೋಡೆಯತ್ತ ಮುಖ ತಿರುಗಿಸಿದ. ಜೀವವಿದ್ದ ಒಂದೇ ಭುಜ ಅದುರುತ್ತಿತ್ತು.

ಅವಳು ಮಗಳತ್ತ ಹೆಜ್ಜೆಯಿಟ್ಟಳು. ಪುಟ್ಟಿ ಮೇಜಿನಡಿಗೆ ನುಸುಳಿದಳು.

"ಹತ್ರ ಬರ್ಬೇಡ!"

"ಬರಲ್ಲ ಕಂದಾ. ತಪ್ಪು ನಂದು. ಹಾಳಾದ್ರೆ ಬಟ್ಟೆ ತಾನೇ? ನಿನ್ನ ಮೇಲೆ ಕೈ ಎತ್ತಿದ್ದು ಪಾಪ."

ಬಿಕ್ಕಳಿಕೆಗಳ ನಡುವೆ ಉತ್ತರ ಬಂತು:

"ಕೂತ್ಕೋ... ಕೈ ಮಾತ್ರ ಹಿಂದೆ ಕಟ್ಕೋ."

ತಾಯಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೆಲದ ಮೇಲೆ ಕುಳಿತಳು. ಜೋಡಿಸಲು ಕೈಗಳಿಲ್ಲದೆ, ಮೊದಲ ಬಾರಿಗೆ ತನಗಾಗಿ ಪ್ರಾರ್ಥಿಸಿದಳು: "ಕರ್ತನೇ, ಅಪ್ಪನನ್ನಲ್ಲ... ನನ್ನನ್ನು ವಾಸಿಮಾಡು!"

ಬಹಳ ಹೊತ್ತಿನ ಮೇಲೆ ಮೇಜಿನಡಿಯಿಂದ ಪುಟ್ಟ ಪಾದವೊಂದು ಚಾಚಿ ಅವಳ ತೊಡೆಗೆ ತಾಗಿತು. ತಾಗಿ, ಅಲ್ಲೇ ಉಳಿಯಿತು.