ನೇರಳೆಗೆ ತಿರುಗಿದ ನಾಲ್ಕು ಬಾಟಲಿ

ಸೋಮವಾರ ಬೆಳಗ್ಗೆ ಗಾಜಿನ ಜಾಡಿಯನ್ನು ಶಾಖಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲಿಟ್ಟ ಗಿರಿಜಾಂಬಿಕಾಳ ಎದೆ ಧಸಕ್ಕೆಂದಿತು. ಒಳಗಿನ ನಾಲ್ಕೂ ಬಾಟಲಿಗಳಲ್ಲಿ, ಜೀವಕೋಶ ಬೆಳೆಸುವ ಕೆಂಪು ದ್ರವ ನೇರಳೆಗೆ ತಿರುಗಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಗಾಜಿಗೆ ಅಂಟಿ ಹರಡಬೇಕಿದ್ದ ಕರುವಿನ ಮೂತ್ರಪಿಂಡದ ಜೀವಕೋಶಗಳು ದುಂಡಗಾಗಿ ತೇಲುತ್ತಿದ್ದವು — ಎಲ್ಲವೂ ಸತ್ತಿದ್ದವು.

ಅಯ್ಯೋ, ಹನ್ನೊಂದಕ್ಕೆ ಪರೀಕ್ಷೆ! ತಿಪಟೂರಿನ ಈ ಸಣ್ಣ ಜಾನುವಾರು ಲಸಿಕೆ ಪ್ರಯೋಗಾಲಯದಲ್ಲಿ, 1983ರ ಆ ಡಿಸೆಂಬರಿನಲ್ಲಿ, ಖಾಲಿಯಿದ್ದದ್ದು ಒಂದೇ ಹುದ್ದೆ. ಚೆನ್ನಾಗಿ ಜೀವಕೋಶ ಬೆಳೆಸಿದವರಿಗೆ ಅದು. ಸಿಗದಿದ್ದರೆ ಗಿರಿಜಾ ತನ್ನೂರು ಕಂದಿಕೆರೆಗೆ ಹೋಗಿ, ಅಪ್ಪ ನೋಡಿದ ಗಂಡಿಗೆ ಕೊರಳೊಡ್ಡಬೇಕು.

"ಕೈ ನೆಟ್ಟಗೆ ತೊಳ್ದಿರಲ್ಲ, ಇನ್ನೇನು!" ಎಂದ ಜೊತೆಯ ಅಭ್ಯರ್ಥಿ ತೋಂಟದಾರ್ಯ. ಮಾತಿಗೇನು ಬಡತನ ಅವನಿಗೆ!

ಮೂರನೆಯ ಅಭ್ಯರ್ಥಿ ಸುವರ್ಣಮ್ಮ ಓಡಿಬಂದು ಗಿರಿಜಾಳನ್ನು ತಬ್ಬಿಕೊಂಡಳು. ಆರು ವರ್ಷದಿಂದ ದಿನಗೂಲಿಗೆ ದುಡಿಯುತ್ತಿದ್ದ ಹೆಂಗಸು. ಪಿಪೆಟ್ ಹಿಡಿಯುವುದರಿಂದ ಹಿಡಿದು ಎಲ್ಲವನ್ನೂ ಗಿರಿಜಾಳಿಗೆ ಕಲಿಸಿದ್ದು ಅವಳೇ. "ಅಳ್ಬೇಡ ಕಣೇ, ಹಣೇಲಿ ಬರ್ದಿರ್ಲಿಲ್ಲ, ಬುಡು" ಎಂದಳು.

ಮುಖ್ಯಸ್ಥರಾದ ಡಾಕ್ಟರ್ ಗಂಗಾಧರಯ್ಯ ಬಾಟಲಿಯನ್ನು ಬೆಳಕಿಗೆ ಹಿಡಿದರು.

"ಕೊಳೆ ಸೇರಿದ್ರೆ ಹಳದಿಯಾಗಿ ಕದಡ್ತಿತ್ತು. ಇದು ತಿಳಿಯಾಗಿದೆ. ಇಂಗಾಲಾಮ್ಲ ಸೋರಿ ಗಾಳಿ ಹೊಕ್ಕಿದೆ, ಅದಕ್ಕೇ ನೇರಳೆ. ಜಾಡಿಯೊಳಗೆ ಮೇಣದಬತ್ತಿ ಹಚ್ಚಿದ್ಯಾ?"

"ಹಚ್ಚಿದ್ದೆ ಸಾರ್. ಅದರ ಹೊಗೆಯ ಇಂಗಾಲಾಮ್ಲ ಒಳಗೇ ಉಳೀಲಿ ಅಂತ ಅಂಚಿಗೆ ವ್ಯಾಸಲೀನ್ ಬಳಿದು ಮುಚ್ಚಳ ಕೂರಿಸ್ದೆ."

"ಎಷ್ಟೊತ್ತಿಗೆ?"

"ಶನಿವಾರ ಐದಕ್ಕೆ."

"ತೋಂಟದಾರ್ಯ, ನೀನು?"

"ಮೂರಕ್ಕೆ. ಇಲ್ಲಿನ ಡಬ್ಬಿ ವ್ಯಾಸಲೀನೇ, ನನ್ನ ಬಾಟಲಿಗಳು ಚೆನ್ನಾಗೇ ಇವೆ. ನಾಲ್ಕರ ತುರುವೇಕೆರೆ ಬಸ್ಸಿಗೆ ಹೊರಟೋದೆ ಸಾರ್."

"ಆಮೇಲೆ ಕೋಣೇಲಿ ಯಾರಿದ್ರು ಗಿರಿಜಾ?"

"ಯಾರೂ ಇರ್ಲಿಲ್ಲ ಸಾರ್, ನಾನೇ."

ಗಂಗಾಧರಯ್ಯ ಜಾಡಿಯನ್ನು ಓರೆ ಮಾಡಿದರು. ಒಳಗೋಡೆಯ ಮೇಲೆ ಬಿಳಿ ಹನಿಗಳು ಸಾಲಾಗಿ ಇಳಿದು ಹೆಪ್ಪುಗಟ್ಟಿದ್ದವು. ಗಿರಿಜಾ ಅವನ್ನು ಬೆಳಗ್ಗೆಯೇ ಕಂಡಿದ್ದಳು, ವ್ಯಾಸಲೀನ್ ಎಂದುಕೊಂಡು ಸುಮ್ಮನಾಗಿದ್ದಳು. ಅವರು ಒಂದು ಹನಿಯನ್ನು ಬೆರಳ ನಡುವೆ ಹಿಡಿದರು. ಕರಗಿ ನೀರಾಯಿತು.

"ಕೊಬ್ಬರಿ ಎಣ್ಣೆ! ಈ ಚಳೀಲಿ ವ್ಯಾಸಲೀನ್ ಥರವೇ ಬೆಳ್ಳಗೆ ಗಟ್ಟಿಯಾಗಿರುತ್ತೆ. ಶಾಖಪೆಟ್ಟಿಗೇಲಿ ಕರಗಿ ಸೋರುತ್ತೆ, ಗಾಳಿ ನುಗ್ಗುತ್ತೆ. ವಾಸನೆ ಬರ್ಲಿಲ್ವೇನಮ್ಮ?"

ಗಿರಿಜಾ ಪೆಚ್ಚಾದಳು. ತಲೆಗೆ, ಅಡುಗೆಗೆ, ದೀಪಕ್ಕೆ ಅದೇ ಎಣ್ಣೆ. ಈ ಸೀಮೆಯಲ್ಲಿ ಕೊಬ್ಬರಿ ಎಣ್ಣೆಯ ವಾಸನೆಯನ್ನು ಯಾರು ತಾನೇ ಗಮನಿಸುತ್ತಾರೆ?

ಗಂಗಾಧರಯ್ಯ ಡಬ್ಬಿ ತೆರೆದು ನೋಡಿದರು. "ಇದ್ರಲ್ಲಿರೋದು ವ್ಯಾಸಲೀನೇ. ನೀನು ಡಬ್ಬಿಯಿಂದಲೇ ತಗೊಂಡ್ಯಾ?"

"ಇಲ್ಲ ಸಾರ್... ಬಟ್ಟಲಲ್ಲಿ ತೆಗೆದಿಟ್ಟಿದ್ರು."

"ಯಾರು?"

ಗಿರಿಜಾ ಸುವರ್ಣಮ್ಮನತ್ತ ನೋಡಿದಳು. "ಅಕ್ಕ."

"ಯಾರೂ ಇರ್ಲಿಲ್ಲ ಅಂದೆಯಲ್ಲಮ್ಮ! ಅಕ್ಕನನ್ನ ಅನುಮಾನದ ಪಟ್ಟೀಲಿ ಸೇರಿಸೋಕೆ ನಿನಗೆ ಮನಸ್ಸೇ ಬರ್ಲಿಲ್ಲ. ಡಬ್ಬಿ ಇದ್ದೂ ಬಟ್ಟಲು ಯಾಕೆ ಸುವರ್ಣಮ್ಮ?"

ಸುವರ್ಣಮ್ಮ ಗಿರಿಜಾಳ ಹೆಗಲಿನಿಂದ ಕೈ ತೆಗೆದಳು.

"ಆರು ವರ್ಷ ಬಾಟ್ಲಿ ತೊಳ್ದೀನಿ ಸಾರ್. ಇವಳು ಬಂದು ಆರು ತಿಂಗ್ಳಾಯ್ತು, ಕೈ ನನಗಿಂತ ಚೆಂದ ಪಳಗ್ತು. ಹೊಟ್ಟೆ ಉರೀತು. ನನ್ನ ಕೆಲಸ ನಾನೇ ಕಲಿಸಿ ಕಳ್ಕೊಳ್ಲಾ?" ಆಮೇಲೆ ಗಿರಿಜಾಳತ್ತ ತಿರುಗಿದಳು. "ಕಲಿಸೋದ್ರಲ್ಲಿ ಮಾತ್ರ ಮೋಸ ಮಾಡ್ಲಿಲ್ಲ ಕಣೇ."

ಪರೀಕ್ಷೆಯನ್ನು ಎರಡು ವಾರ ಮುಂದಕ್ಕೆ ಹಾಕಿದ್ದೇನೆ, ಸುವರ್ಣಮ್ಮನ ಹೆಸರು ಪಟ್ಟಿಯಲ್ಲಿರುವುದಿಲ್ಲ ಎಂದರು ಗಂಗಾಧರಯ್ಯ. ಗಿರಿಜಾಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

"ಹೌದಕ್ಕ, ಕಲಿಸೋದ್ರಲ್ಲಿ ಮೋಸ ಮಾಡ್ಲಿಲ್ಲ" ಎಂದಳು. "ಬೇರೆ ಯಾರೇ ಕೊಟ್ಟಿದ್ರೂ ಮುಟ್ಟಿ, ಮೂಸಿ ನೋಡ್ತಿದ್ದೆ. ನೀನು ಕೊಟ್ಟಿದ್ದು ಅಂತ ಕಣ್ಮುಚ್ಕೊಂಡು ಬಳಿದೆ."