ಹಿಲ್ಮಾ ಕೊಂಡ ಹಿಮದ ಮಿಷನ್ನು

"ಮೊದಲು ಆ ಮಫ್ಲರನ್ನ ಕೋಟಿನೊಳಗೆ ಸಿಕ್ಕಿಸಿಕೋ. ಈ ಹಿಮ ತೆಗೆಯೋ ಮಿಷನ್ನಿನ ಅಲಗಿಗೆ ಸಿಕ್ಕಿದ್ರೆ ನಿನ್ನನ್ನೂ ಎಳಕೊಂಡು ಹೋಗುತ್ತೆ," ಎಂದ ಆರ್ವಿಡ್, ಅವಳ ಮುಖ ನೋಡದೆ.

ಹೋದ ವರ್ಷವಾಗಿದ್ದರೆ ತಾನೇ ಕೈ ನೀಡಿ ಸಿಕ್ಕಿಸುತ್ತಿದ್ದ, ಕಿವಿ ಕೆಂಪಗೆ ಮಾಡಿಕೊಳ್ಳುತ್ತಿದ್ದ. ಇವತ್ತು ಮಹಾರಾಯ ಪಾನಾ ಬಿಟ್ಟು ತಲೆ ಎತ್ತುತ್ತಿಲ್ಲ ಎಂದು ಹಿಲ್ಮಾಗೆ ಒಳಗೊಳಗೇ ಉರಿಯಿತು.

ಕ್ಯಾಲ್ಯುಮೆಟ್ ಎಂಬ ಆ ಹಿಮದ ಊರಿನಲ್ಲಿ ಗಂಡಸು ಒಬ್ಬ ಹೆಂಗಸಿನ ಅಂಗಳದ ಹಿಮವನ್ನು ಕೇಳದೆ ತೆಗೆದುಕೊಟ್ಟರೆ, ಅದನ್ನು ಬರೀ ಉಪಕಾರ ಎನ್ನುವಷ್ಟು ಪೆದ್ದರು ಯಾರೂ ಇಲ್ಲ. ಹಿಲ್ಮಾಳ ಗಂಡ ತೀರಿಕೊಂಡ ಮೇಲೆ ಎದುರುಮನೆಯ ಆರ್ವಿಡ್ ಪ್ರತಿ ಚಳಿಗಾಲವೂ ತನ್ನ ಹಳೇ ಮಿಷನ್ನು ತಂದು ಹಿಮ ತೆಗೆದ. ಅವಳು ಕಾಫಿ ಕೊಟ್ಟಳು, ಏಲಕ್ಕಿ ಹಾಕಿದ ಬ್ರೆಡ್ಡು ಕೊಟ್ಟಳು. ಮನಸ್ಸಿನ ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ. ಈಗ ಅವಳೇ ಹೊಸ ಮಿಷನ್ನು ತರಿಸಿದ್ದಳು. ಜೋಡಿಸಿಕೊಡು ಎಂದಾಗ ಅವನು ಪಾನಾ ಹಿಡಿದುಕೊಂಡು ಬಂದಿದ್ದ.

ಹಿಡಿಕೆಗಳನ್ನು ಎತ್ತಿ ಬೋಲ್ಟು ಬಿಗಿದ. ಹಿಮ ಉಗುಳುವ ಕೊಳವೆ ಕೂರಿಸಿ ಅತ್ತಿತ್ತ ತಿರುಗಿಸಿ ನೋಡಿದ.

"ಇದು ಆಯಿಲ್ ಇಲ್ಲದೇ ಬರುತ್ತೆ. ಹಾಕದೆ ಸ್ಟಾರ್ಟ್ ಮಾಡಿದ್ರೆ ಇಂಜಿನ್ ಕಥೆ ಮುಗೀತು. ಈ ಹಿಡಿಕೆ ಬಿಟ್ಟ ತಕ್ಷಣ ಅಲಗು ನಿಲ್ಲಬೇಕು. ಕೊಳವೇಲಿ ಹಿಮ ಕಟ್ಟಿಕೊಂಡ್ರೆ?"

"ಆಫ್ ಮಾಡಿ, ಎಲ್ಲಾ ನಿಂತ ಮೇಲೆ, ಕೋಲಲ್ಲಿ ತೆಗೀಬೇಕು."

"ಕೈ?"

"ಹಾಕಲ್ಲ ಮಾರಾಯ. ಹಾಕಿದ್ರೆ ಬೈಯೋಕೆ ಎದುರುಮನೇಲಿ ನೀನಿರ್ತೀಯಲ್ಲ."

"ಇರಲ್ಲ," ಎಂದ ಆರ್ವಿಡ್. "ಶನಿವಾರ ತಂಗಿ ಊರು ಡುಲೂತಿಗೆ ಹೋಗ್ತಿದೀನಿ. ಅವಳ ಗೆಳತಿ ವರ್ನಾಳನ್ನ ಮದುವೆ ಆಗ್ತೀನಿ ಅಂತ ಮಾತು ಕೊಟ್ಟಿದೀನಿ."

ಹಿಲ್ಮಾ ಅವನ ಎದುರಿಗೆ ಬಂದು ನಿಂತಳು. "ನಂಗೆ ಒಂದು ಮಾತು ಹೇಳಬಾರದಿತ್ತಾ?"

"ನೀನೇ ಹೇಳಿದ್ಯಲ್ಲ. ಸ್ವಂತ ಮಿಷನ್ ತಗೊಂಡ್ರೆ ಏನರ್ಥ? ಇನ್ನು ಬರಬೇಡ ಅಂತ ತಾನೇ? ಇಡೀ ಬೀದಿಗೇ ಅರ್ಥವಾಯ್ತು."

"ಅಯ್ಯೋ ದಡ್ಡಾ, ನಿಂಗೆ ಹಾರ್ಟ್ ಆಪರೇಷನ್ ಆಯ್ತಲ್ಲ, ಅದಕ್ಕೆ ತಗೊಂಡೆ. ಆ ಹಳೇದನ್ನ ಎಳೆದಾಡ್ತಾ ನನ್ನ ಅಂಗಳದಲ್ಲೇ ಬಿದ್ದುಹೋಗಿದ್ರೆ ನಾನು ಹೇಗೋ ಬದುಕಲಿ? ನೀನಂದ್ರೆ ನಂಗೆ ಪ್ರಾಣ ಕಣೋ."

ಅವನು ಆಗ ತಲೆ ಎತ್ತಿದ. ಅವಳ ಹಣೆ, ಕಣ್ಣು, ಚಳಿಗೆ ಒಡೆದ ತುಟಿ, ಎಲ್ಲವನ್ನೂ ನಿಧಾನಕ್ಕೆ ನೋಡಿದ. ಅವನ ಕಣ್ಣು ತುಂಬಿಬಂದಿತು.

"ಹೋಗಬೇಡ ಅನ್ನು. ನಿಲ್ತೀನಿ."

ಅನ್ನಲು ಅವಳ ಜೀವ ಹಾತೊರೆಯಿತು. ಆದರೆ ಡುಲೂತಿನಲ್ಲಿ ಇನ್ನೊಬ್ಬಳು ಇವನನ್ನೇ ನಂಬಿ ಮನೆ ಅಣಿಮಾಡಿಕೊಳ್ಳುತ್ತಿದ್ದಳು. ಬರುತ್ತೇನೆಂದವನು ಬಾರದಿದ್ದರೆ ಆಗುವ ಸಂಕಟ ಗಂಡನನ್ನು ಕಳೆದುಕೊಂಡ ಹಿಲ್ಮಾಗೆ ಗೊತ್ತಿತ್ತು.

"ಕೊಟ್ಟ ಮಾತು ಮುರಿದವನ ಜೊತೆ ನಾನು ಬಾಳಲಾರೆ," ಎಂದಳು. "ಉಳಿದ ಬೋಲ್ಟು ಬಿಗಿ."

ಶನಿವಾರ ಬೆಳಿಗ್ಗೆ ಮೊಣಕಾಲುದ್ದ ಹಿಮ ಬಿದ್ದಿತ್ತು. ಹಿಲ್ಮಾ ಮಿಷನ್ನು ಸ್ಟಾರ್ಟ್ ಮಾಡಿ ತನ್ನ ಅಂಗಳ ಮುಗಿಸಿದಳು. ನಿಲ್ಲಿಸಲಿಲ್ಲ. ಬೀದಿ ದಾಟಿ, ಅವನ ಕಾರಿನ ಮುಂದುಗಡೆಯಿಂದ ರಸ್ತೆಯವರೆಗೂ ಹಿಮ ಪೂರ್ತಿ ತೆಗೆದಳು.

ಆರ್ವಿಡ್ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಇದನ್ಯಾಕೆ ಮಾಡ್ದೆ, ಹಿಲ್ಮಾ?"

"ಇಷ್ಟು ವರ್ಷ ನೀನ್ಯಾಕೆ ಮಾಡ್ದೆ?"

ಅವನು ಅವಳ ಕೈಗವಸಿಗೆ ತುಟಿ ಒತ್ತಿದ. ಕಾರು ಅವಳು ತೆಗೆದುಕೊಟ್ಟ ದಾರಿಯಲ್ಲೇ ಹೊರಟುಹೋಯಿತು.